ಶುರು ಮಾಡಿದವಳು

ಕಲಸಿದ ಹಿಟ್ಟನ್ನು ಹಲಗೆಯ ಮೇಲೆ ಅಗಲಕ್ಕೆ ಲಟ್ಟಿಸಿ, ಉದ್ದ ಪಟ್ಟಿಗಳಾಗಿ ಕೊಯ್ದು, ಆ ಪಟ್ಟಿಗಳನ್ನು ಮತ್ತೆ ಅಡ್ಡಡ್ಡ ತುಂಡರಿಸುತ್ತಿದ್ದ ಬುರುಲ್ ತಲೆ ಎತ್ತದೆಯೇ ಕೇಳಿದಳು. "ಮಳೆ?"

"ಸ್ಟಾರ್ಟ್," ಎಂದಳು ಚೊಲ್ಪೊನ್. ಅವಳು ಅಂಗಳದ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಎಣ್ಣೆಯಲ್ಲಿ ಉಬ್ಬಿ ತೇಲುತ್ತಿದ್ದ ಬೋರ್ಸೋಕುಗಳನ್ನು ತೂತಿನ ಸೌಟಿನಿಂದ ಮಗುಚುತ್ತಿದ್ದಳು.

"ಬಿಗಿನ್ ಅಂದರೂ ತಪ್ಪಿಲ್ಲ. ಜಗಳ?"

"ಬ್ರೇಕ್ ಔಟ್."

"ಬೆಂಕಿ? ಅಂಟುರೋಗ?"

"ಅವೂ ಬ್ರೇಕ್ ಔಟೇ. ಕೆಟ್ಟದ್ದೆಲ್ಲ ಅದರ ಪಾಲಿಗೆ."

"ದೊಡ್ಡ ಮನುಷ್ಯರ ಸಭೆ?"

ಚೊಲ್ಪೊನ್ ಸೌಟು ಎತ್ತಿ ಹಿಡಿದು ಯೋಚಿಸಿದಳು. "ಅದೊಂದು ಇದೆಯಲ್ಲ ಎಜೆ, ಕೋಟು ಹಾಕ್ಕೊಂಡಿರೋದು."

"ಕಮೆನ್ಸ್."

"ಹಾಂ, ಅದೇ. ಹೇಳೋವಾಗ ನಾಲಿಗೆಗೂ ಟೈ ಕಟ್ಟಿದ ಹಾಗಾಗುತ್ತೆ."

"ತೊಂದರೆ?"

"ಅರೈಸ್. ಇದೊಂದು ಮಾತ್ರ ಮರೆಯಲ್ಲ. ತೊಂದರೆ ಏಳುತ್ತೆ, ನಮ್ಮ ಅತ್ತೆ ಹಾಗೆ, ಮನೇಲಿ ಎಲ್ಲರಿಗಿಂತ ಮೊದಲು."

ಆ ಅತ್ತೆ ತನ್ನ ಹೆತ್ತ ತಾಯಿಯೇ ಆದರೂ ಬುರುಲ್‌ಗೆ ನಗು ತಡೆಯಲಾಗಲಿಲ್ಲ. ಚೊಲ್ಪೊನ್ ಅವಳ ತಮ್ಮ ಕುಬಾತನ ಹೆಂಡತಿ, ಗಂಡನಂತೆಯೇ ಬುರುಲ್‌ಳನ್ನು ಎಜೆ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದಳು. ಪ್ರವಾಸಿಗರನ್ನು ಬೆಟ್ಟಕ್ಕೆ ಕರೆದೊಯ್ಯುವವರ ತರಬೇತಿಗೆ ಸೇರಬೇಕೆಂಬ ಆಸೆ ಅವಳದು. ಶರತ್ಕಾಲದಲ್ಲಿ ಇಂಗ್ಲಿಷಿನ ಪರೀಕ್ಷೆ. ಮನೆಯವರು ಅದನ್ನು ಎಳೆಮಗುವಿನ ತಾಯಿ ಹೊತ್ತು ಕಳೆಯುವ ಆಟವೆಂದುಕೊಂಡಿದ್ದರು. ಬುರುಲ್ ಮಾತ್ರ ಹಾಗೆಂದುಕೊಂಡಿರಲಿಲ್ಲ. ಊರಿನ ಮೇಲಿನ ಬೀದಿಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಕೂದಲು ಹಣ್ಣಾಗುತ್ತಿದ್ದ ಅವಳಿಗೆ, ಯಾರು ನಿಜಕ್ಕೂ ಕಲಿಯುತ್ತಾರೆ, ಯಾರು ಪುಸ್ತಕ ಬಿಚ್ಚಿಕೊಂಡು ಕಿಟಕಿ ನೋಡುತ್ತಾರೆ ಎಂಬುದು ಮುಖ ನೋಡಿದೊಡನೆ ತಿಳಿಯುತ್ತಿತ್ತು.

ಶುರುವಾಗುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟೊಂದು ಮಾತುಗಳೇಕೆ ಎಂದು ಮಕ್ಕಳು ಪ್ರತಿ ವರ್ಷವೂ ಗೊಣಗುತ್ತಿದ್ದರು. ಬುರುಲ್‌ಗೆ ಆ ಪಾಠವೇ ಹೆಚ್ಚು ಇಷ್ಟ. ದಾರಿ ಹಿಡಿದು ಹೊರಡುವುದಕ್ಕೆ ಒಂದು, ಭಗ್ಗನೆ ಹೊತ್ತಿಕೊಳ್ಳುವುದಕ್ಕೆ ಒಂದು, ವಯಸ್ಸಾದ ಮೇಲೆ ಹೊಸ ವಿದ್ಯೆಯನ್ನು ಕೈಗೆತ್ತಿಕೊಳ್ಳುವುದಕ್ಕೆ ಇನ್ನೊಂದು. ಬೆಳಗು ಮೆಲ್ಲಗೆ ಹರಿಯುವುದನ್ನೂ ಹಳೆಯ ಲಾರಿ ಕೆಮ್ಮಿ ಎದ್ದೇಳುವುದನ್ನೂ ಒಂದೇ ಮಾತಿಗೆ ಕಟ್ಟಿಹಾಕಬೇಕಾಗಿಲ್ಲ. ಆ ಭಾಷೆಯ ಮೇಲೆ ಅವಳ ದೂರು ಒಂದೇ. ಸ್ಟಾರ್ಟ್ ಎನ್ನುವುದು ತಾನಾಗಿ ಶುರುವಾದದ್ದಕ್ಕೂ ಸಲ್ಲುತ್ತದೆ, ಯಾರೋ ಕೈಹಾಕಿ ಶುರು ಮಾಡಿದ್ದಕ್ಕೂ ಸಲ್ಲುತ್ತದೆ. ನಮ್ಮ ಮಾತಿನಲ್ಲಿ ಆಗುವುದು ಬೇರೆ, ಮಾಡುವುದು ಬೇರೆ. ಆದರೂ ಜನ ಮಾಡಿದ್ದನ್ನು ಆದದ್ದೆಂದು ಹೇಳಿ ಮುಚ್ಚಿಬಿಡುತ್ತಾರಲ್ಲ ಎಂದು ಅವಳಿಗೆ ಆಗಾಗ ಅನಿಸುತ್ತಿತ್ತು.

"ಪ್ರಯಾಣ?" ಎಂದಳು.

"ಸೆಟ್ ಆಫ್." ಚೊಲ್ಪೊನ್ ಹೊಂಬಣ್ಣಕ್ಕೆ ತಿರುಗಿದ ಬೋರ್ಸೋಕುಗಳನ್ನು ಬಸಿದು ಬಟ್ಟೆಯ ಮೇಲೆ ಸುರಿದಳು. ಆಮೇಲೆ ಸೌಟು ಕೆಳಗಿಟ್ಟು, ದನಿ ತಗ್ಗಿಸಿದಳು. "ಎಜೆ, ಒಂದು ಮಾತು. ಸೆಜಿಮ್‌ಳ ದಾರ ಇವತ್ತು ನೀವೇ ಕತ್ತರಿಸಬೇಕು."

ಬುರುಲ್‌ಳ ಚಾಕು ಹಿಟ್ಟಿನಲ್ಲೇ ನಿಂತಿತು.

ಚೊಲ್ಪೊನ್‌ಳ ಮಗಳು ಸೆಜಿಮ್ ಹೊಸದಾಗಿ ಹೆಜ್ಜೆ ಇಡುತ್ತಿದ್ದಳು. ಗೋಡೆ ಹಿಡಿದು, ನಾಯಿಯ ಬೆನ್ನು ಹಿಡಿದು, ಕೆಲವೊಮ್ಮೆ ಏನನ್ನೂ ಹಿಡಿಯದೆ. ಅವಳ ಕಾಲುಗಳಿಗೆ ಕಪ್ಪು ಬಿಳಿ ಉಣ್ಣೆಯ ದಾರ ಸುತ್ತಿ, ಓಡಿ ಬಂದು ಮೊದಲು ಮುಟ್ಟಿದವರ ಕೈಗೆ ಚಾಕು ಕೊಟ್ಟು ಅದನ್ನು ಕತ್ತರಿಸುವ ಔತಣ ಇವತ್ತು. ದಾರ ಕತ್ತರಿಸಿದವರ ನಡೆ, ಅವರ ಬಾಳು, ಮಗುವಿಗೆ ಬರುತ್ತದೆ. ಹಾಗಾಗಿಯೇ ಆ ಓಟವನ್ನು ಯಾರೂ ಓಟದ ಪಾಡಿಗೆ ಬಿಡುವುದಿಲ್ಲ. ಯಾರು ಗೆಲ್ಲಬೇಕೆಂದು ಮನೆಯವರು ಮೊದಲೇ ಮಾತಾಡಿಕೊಂಡಿರುತ್ತಾರೆ. ಉಳಿದ ಹೆಂಗಸರು ಲಂಗ ಎತ್ತಿಕೊಂಡು, ಏದುಸಿರು ಬಿಡುತ್ತಾ, ಹಿಂದೆ ಉಳಿಯುವ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ.

"ಅದು ಓಟದಲ್ಲಿ ಗೆದ್ದವರ ಪಾಲಿನದು," ಎಂದಳು ಬುರುಲ್.

"ಯಾವ ಓಟ ಎಜೆ. ದಾಮಿರಾ ಗೆಲ್ತಾರೆ ಅಂತ ನಮ್ಮ ನಾಯಿಗೂ ಗೊತ್ತು. ಅವರ ಗಂಡನ ಕಲ್ಲುಗಣಿಯಲ್ಲಿ ನಮ್ಮವರಿಗೆ ಲಾರಿ ಓಡಿಸೋ ಕೆಲಸ ಆಗಬೇಕಲ್ಲ."

"ಗೊತ್ತಿದ್ದೂ ಕೇಳ್ತೀಯಲ್ಲ."

"ಕೇಳ್ತೀನಿ. ಹೆತ್ತವಳು ನಾನು." ಅವಳ ಮುಖ ಒಲೆಯ ಕಾವಿಗೋ ಏನೋ ಕೆಂಪಗಾಗಿತ್ತು. "ನನ್ನ ಮಗಳು ನಿಮ್ಮ ಹಾಗೆ ನಡೀಲಿ ಅಂತ ನನಗೆ ಆಸೆ. ಚಳಿಗಾಲದಲ್ಲಿ ಆ ದಿಬ್ಬ ಹತ್ತಿ ಶಾಲೆಗೆ ಹೋಗ್ತೀರಲ್ಲ, ಮಂಜುಗಡ್ಡೆ ಮೇಲೆ, ಯಾರ ಕೈಯೂ ಹಿಡೀದೆ. ನಾನು ಕಿಟಕಿಯಿಂದ ನೋಡ್ತಿರ್ತೀನಿ."

ಬುರುಲ್ ಉತ್ತರ ಕೊಡುವಷ್ಟರಲ್ಲಿ ತಾಯಿ, ಅವಳ ಅಪಾ, ಬಾಗಿಲಿನಿಂದ ಹೊರಬಂದಳು. ಔತಣಕ್ಕೆಂದು ಬಿಳಿಯ ತಲೆವಸ್ತ್ರ ಕಟ್ಟಿದ್ದಳು. ಮೊದಲ ಬಾಣಲೆಯ ಹೊಗೆ ಸತ್ತವರಿಗೆ ಸಲ್ಲಲಿ ಎಂದು ಬೆಳಗ್ಗೆಯೇ ಗಂಡನ ಹೆಸರು ಹೇಳಿ ಕೈಯೆತ್ತಿ ಬೇಡಿಕೊಂಡಿದ್ದಳು. ಈಗ ಬೋರ್ಸೋಕುಗಳ ರಾಶಿ ನೋಡಿ ತೃಪ್ತಿಯಿಂದ ತಲೆದೂಗಿದಳು.

"ಕೆಲಿನ್, ಮಗು ಅಳ್ತಿದೆ, ಹೋಗು," ಎಂದು ಸೊಸೆಯನ್ನು ಕಳಿಸಿದಳು. ಅವಳು ಒಳಹೋದ ಮೇಲೆ ಮಗಳ ಪಕ್ಕ ನಿಂತು ಒಂದು ಬಿಸಿ ಬೋರ್ಸೋಕನ್ನು ಕೈಯಲ್ಲಿ ಹೊರಳಾಡಿಸಿದಳು. "ಬುರುಲ್, ಓಟದ ಹೊತ್ತಿಗೆ ನೀನು ಇಲ್ಲೇ ಒಲೆ ಹತ್ತಿರ ಇದ್ದುಬಿಡು. ಎಣ್ಣೆ ಕಾಯ್ತಾ ಇರುತ್ತೆ, ಯಾರಾದರೂ ಬೇಕಲ್ಲ."

"ಪ್ರತಿ ಸಲ ಇಲ್ಲೇ ಇರ್ತೀನಲ್ಲ ಅಪಾ. ಇವತ್ತು ಯಾಕೆ ಹೇಳ್ತಿದ್ದೀಯ?"

"ಚೊಲ್ಪೊನ್ ಏನೋ ಗುಸುಗುಸು ಮಾಡ್ತಿದ್ದಾಳೆ. ಎಳೆ ಹುಡುಗಿ, ಅವಳಿಗೇನು ಗೊತ್ತು." ಅಪಾ ಬೋರ್ಸೋಕನ್ನು ಮುರಿದಳು, ತಿನ್ನಲಿಲ್ಲ. "ಮಗು ನಿನ್ನ ಹಾಗೆ ಆಗಿಬಿಟ್ಟರೆ?"

"ನನ್ನ ಹಾಗೆ ಅಂದರೆ?"

"ನಾನು ಹೇಳೋದಲ್ಲಮ್ಮ. ಜನ ಹೇಳ್ತಾರೆ."

ಅಪಾ ಕೆಟ್ಟವಳಲ್ಲ. ಇಂಥವುಗಳನ್ನು ನಂಬುವವಳು, ಅಷ್ಟೆ. ಸಾಲಾಗಿ ಹೆಣ್ಣುಗಳೇ ಹುಟ್ಟಿದಾಗ ಕೊನೆಯವಳಿಗೆ 'ತಿರುಗು' ಎಂಬರ್ಥದ ಬುರುಲ್ ಎಂಬ ಹೆಸರಿಟ್ಟಿದ್ದಳು, ಮುಂದಿನದಾದರೂ ಗಂಡಿನ ಕಡೆ ತಿರುಗಲಿ ಎಂದು. ಮುಂದೆ ಹುಟ್ಟಿದವನು ಕುಬಾತ್. ಹೆಸರಿಗೆ ಫಲ ಸಿಕ್ಕ ಮೇಲೆ ದಾರಕ್ಕೆ ಸಿಗುವುದಿಲ್ಲವೆಂದು ಅವಳನ್ನು ಒಪ್ಪಿಸುವವರು ಯಾರು?

ಬುರುಲ್ ಮತ್ತೆ ಹಿಟ್ಟಿಗೆ ಕೈಹಾಕಿದಳು. ಅವಳನ್ನು ಕೊಚ್ಕೋರಿಗೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿ ಗಂಡ ಹೊಡೆಯುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಅತ್ತೆಯೂ ಊಟಕ್ಕೆ ಕಡಿಮೆ ಮಾಡಿದವಳಲ್ಲ. ಶಾಲೆ ಬೇಡ ಎಂದಿದ್ದರು, ಅಷ್ಟೆ. ಮನೆಯಲ್ಲಿ ಕೆಲಸ ಇದೆ, ಕುರಿಗಳಿವೆ, ಮಕ್ಕಳಾಗಬೇಕಿದೆ, ಆಮೇಲೆ ನೋಡೋಣ ಎಂದಿದ್ದರು. ಆ ಆಮೇಲೆ ಬರಲಿಲ್ಲ, ಮಕ್ಕಳೂ ಆಗಲಿಲ್ಲ. ಒಂದು ಬೆಳಗ್ಗೆ ಅವಳು ದನಕ್ಕೆ ನೀರು ಇಟ್ಟು, ಒಲೆ ಹಚ್ಚಿ, ಚಹಾ ಸೋಸಿಟ್ಟು, ತನ್ನ ಚೀಲ ಹೆಗಲಿಗೇರಿಸಿ ರಸ್ತೆಗೆ ನಡೆದುಬಂದಿದ್ದಳು. ಅತ್ತೆ ಅಂಗಳದಲ್ಲೇ ಇದ್ದಳು. ಎಲ್ಲಿಗೆ ಎಂದು ಕೇಳಿದ್ದಳು. ನಮ್ಮೂರು ನರಿನ್‌ಗೆ, ಕೆಲಸ ಸಿಕ್ಕಿದೆ, ಎಂದು ಬುರುಲ್ ಹೇಳಿದ್ದಳು.

ಅಪಾ ಆ ಕತೆಯನ್ನು ಊರಿಗೆ ಬೇರೆ ಥರ ಹೇಳಿದಳು. ಅಲ್ಲೇನೋ ಮನಸ್ತಾಪ ಶುರುವಾಯ್ತು, ಹುಡುಗಿ ಬರೋ ಹಾಗಾಯ್ತು ಎಂದಳು. ಮಳೆ ಶುರುವಾದ ಹಾಗೆ. ಯಾರ ತಪ್ಪೂ ಇಲ್ಲ, ಯಾರ ಕೈಯೂ ಇಲ್ಲ. ಪಾಪ ಎಂದರು ಜನ. ಅಂದಿನಿಂದ ಬುರುಲ್ ಪ್ರತಿ ಔತಣದಲ್ಲೂ ಪಾಪದವಳಾಗಿ ಒಲೆಯ ಬಳಿ ಉಳಿದಳು. ಹೊಸ ಮದುಮಗಳ ಹಾಸಿಗೆ ಹಾಸಲು ಕರೆಯುತ್ತಿರಲಿಲ್ಲ, ಮಗುವಿನ ತೊಟ್ಟಿಲು ಕಟ್ಟಲು ಕರೆಯುತ್ತಿರಲಿಲ್ಲ. ಎಣ್ಣೆ ಬಾಣಲೆಗೆ ಮಾತ್ರ, ನಿನ್ನ ಕೈ ಯಾರಿಗೂ ಬರಲ್ಲ ಬಿಡು, ಎಂದು ಹೊಗಳಿ ಕೂರಿಸುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತು. ಕುರಿಮಾಂಸ ಬೇಯುವ ವಾಸನೆ ಬೀದಿಯವರೆಗೂ ಹಬ್ಬಿತ್ತು. ದಾಮಿರಾ ಬೂದುಬಣ್ಣದ ದೊಡ್ಡ ಕಾರಿನಿಂದ ಇಳಿದಳು. ಎತ್ತರದ ಹಿಮ್ಮಡಿಯ ಚಪ್ಪಲಿ, ಹೊಸ ರೇಷ್ಮೆಯ ಉಡುಪು. ಕುಬಾತ್ ಓಡಿಹೋಗಿ ಕಾರಿನ ಬಾಗಿಲು ಹಿಡಿದ. ಅವನು ನಾಚಿಕೆಯ ಮನುಷ್ಯ. ಹಾಗೆ ಓಡಿದ್ದು ಅಕ್ಕನ ಕಣ್ಣಿಗೆ ಬಿತ್ತೆಂದು ತಿಳಿದು, ಬಾಣಲೆಯ ಕಡೆ ಬಂದು ನಿಂತ.

"ಚೊಲ್ಪೊನ್ ನಿನ್ನ ಹತ್ತಿರ ಏನೋ ಕೇಳಿದಳಂತೆ," ಎಂದ.

"ಕೇಳಿದಳು."

"ನನಗೇನೂ ಬೇಜಾರಿಲ್ಲ ಎಜೆ. ನೀನು ಕತ್ತರಿಸಿದರೆ ನನಗೂ ಖುಷೀನೇ. ಆದರೆ ನಿನಗೆ ಗೊತ್ತಲ್ಲ."

"ಏನು ಗೊತ್ತು?"

"ಅದೇ. ಎಲ್ಲ." ಅವನು ಒಂದು ಬೋರ್ಸೋಕನ್ನು ಬಾಯಿಗೆ ಹಾಕಿಕೊಂಡು, ನಾಲಿಗೆ ಸುಟ್ಟುಕೊಂಡು, ಹೊರಟುಹೋದ.

ಊಟಕ್ಕೆ ಮುಂಚೆ ಓಟ. ಸಭೆ ನಡೆಸುವವನು ಅಸಾನ್ ಬಾಯ್ಕೆ, ಅಪಾಳ ಸೋದರಸಂಬಂಧಿ. ಬಾಯಿ ತೆರೆದರೆ ಮುಚ್ಚುವವನಲ್ಲ. ಉಣ್ಣೆಯ ಬಿಳಿ ಟೋಪಿಯನ್ನು ಹಿಂದಕ್ಕೆ ಸರಿಸಿ ಅವನು ಬೀದಿಯ ನಡುವೆ ನಿಂತು ಕೂಗಿದ.

"ಹೆಂಗಸರೆಲ್ಲ ಬನ್ನಿ. ಕಾಲು ಇರೋರೆಲ್ಲ ಬನ್ನಿ. ನಾಲಿಗೆ ಒಂದೇ ಓಡೋರು ಅಲ್ಲೇ ಕೂತಿರಿ."

ಹೆಂಗಸರು ನಕ್ಕರು, ಏಳಲಿಲ್ಲ. ದಾಮಿರಾ ಎದ್ದಳು, ಪಕ್ಕದ ಮನೆಯ ಅತ್ತೆ ಸೊಸೆ ಎದ್ದರು, ಅಷ್ಟೆ. ಒಬ್ಬಳಿಗೆ ಮಂಡಿನೋವು, ಒಬ್ಬಳು ಬಸುರಿ, ಉಳಿದವರಿಗೆ ದಾಮಿರಾಳ ಪಕ್ಕ ನಿಂತು ಅಪ್ಪಿತಪ್ಪಿ ಒಂದು ಹೆಜ್ಜೆ ಮುಂದೆ ಬಿದ್ದರೆ ಎಂಬ ಭಯ. ಊರವರು ಫೋನು ಎತ್ತಿ ಹಿಡಿದುಕೊಂಡು ಕಾಯುತ್ತಿದ್ದರು.

"ಇಷ್ಟೇ ಜನ ಓಡಿದರೆ ಅದು ಓಟ ಅಲ್ಲ," ಎಂದ ಅಸಾನ್ ಬಾಯ್ಕೆ. "ತಪ್ಪಿದ ಬಸ್ಸಿನ ಹಿಂದೆ ಹೋಗೋದು. ನಮ್ಮ ಸೆಜಿಮ್ ಏನಂದ್ಕೊಳ್ತಾಳೆ?"

ಅಪಾ ಸುತ್ತ ನೋಡಿದಳು. ಮನೆಯ ಮರ್ಯಾದೆಯ ಪ್ರಶ್ನೆ. ಅವಳು ನೆಟ್ಟಗೆ ಒಲೆಯ ಬಳಿ ಬಂದು, ಬುರುಲ್‌ಳ ಕೈಯಿಂದ ಸೌಟು ತೆಗೆದುಕೊಂಡಳು.

"ಹೋಗು, ನೀನೂ ನಿಲ್ಲು. ಸಾಲು ತುಂಬಲಿ." ನಂತರ ಹತ್ತಿರ ಬಾಗಿ, "ಹಿಂದೆ ಇರು. ತಿಳೀತಲ್ಲ? ದಾಮಿರಾ ಮುಂದೆ ಹೋಗಲಿ."

ಬುರುಲ್ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದಳು. ಏನೂ ಹೇಳಲಿಲ್ಲ. ಅಪಾ ಅದನ್ನು ಒಪ್ಪಿಗೆಯೆಂದೇ ತಿಳಿದಳು. ಮಗಳ ಮೌನವನ್ನು ಅವಳು ಯಾವಾಗಲೂ ಹಾಗೆಯೇ ತಿಳಿದುಕೊಂಡು ಬಂದಿದ್ದಳು.

ಮಗುವನ್ನು ಎತ್ತಿಕೊಂಡು ಹಾಸಿದ ಕಂಬಳಿಯ ಕಡೆ ಹೋಗುತ್ತಿದ್ದ ಚೊಲ್ಪೊನ್ ಎದುರಾದಳು. ಸೆಜಿಮ್‌ಳ ಕಾಲಿಗೆ ಆಗಲೇ ದಾರ ಸುತ್ತಿದ್ದರು. ಮಗು ಬಗ್ಗಿ ಬಗ್ಗಿ ಅದನ್ನು ಕೀಳಲು ನೋಡುತ್ತಿತ್ತು.

"ಪರವಾಗಿಲ್ಲ ಎಜೆ," ಎಂದಳು ಚೊಲ್ಪೊನ್ ಮೆಲ್ಲಗೆ. "ನಾನು ಕೇಳಬಾರದಿತ್ತು. ನಿಮಗೆ ಕಷ್ಟ ಆಗೋದು ಬೇಡ."

ಮಗು ತನ್ನ ಕಾಲಿನ ದಾರವನ್ನು ಬಿಟ್ಟು ಬುರುಲ್‌ಳ ಕಿವಿಯೋಲೆಗೆ ಕೈಚಾಚಿತು. ಬುರುಲ್ ಅದರ ಪುಟ್ಟ ಪಾದವನ್ನೊಮ್ಮೆ ಅಂಗೈಯಲ್ಲಿ ಹಿಡಿದು, ಬಿಟ್ಟು, ನಡೆದಳು.

ಓಟ ಶುರುವಾಗುವ ಗೆರೆಯನ್ನು ಬೀದಿಯ ಆ ತುದಿಯಲ್ಲಿ, ಕಾಲುವೆಯ ಪಕ್ಕ, ಬೂದಿಯಿಂದ ಎಳೆದಿದ್ದರು. ಅಲ್ಲಿಯವರೆಗೆ ಹೆಂಗಸರು ಒಟ್ಟಿಗೆ ನಡೆದುಹೋದರು. ಪಕ್ಕದ ಮನೆಯ ಅತ್ತೆ ಸೊಸೆ ತಮ್ಮತಮ್ಮಲ್ಲೇ ಏನೋ ಮಾತಾಡುತ್ತಾ ಮುಂದೆ ಹೋದರು. ದಾಮಿರಾ ಬುರುಲ್‌ಳ ತೋಳಿಗೆ ತೋಳು ಸೇರಿಸಿದಳು. ಒಂದು ಕಾಲದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು.

"ಈ ಊರಿನ ಅರ್ಧ ಮಕ್ಕಳ ದಾರ ನಾನೇ ಕತ್ತರಿಸಿದ್ದೀನಿ ಕಣೇ," ಎಂದಳು ದಾಮಿರಾ. "ಎಲ್ಲ ನನ್ನ ಹಾಗೇ ನಡೀತವೆ ಅಂತ ಅವರಮ್ಮಂದಿರ ಆಸೆ. ನಾನೆಲ್ಲಿ ನಡೀತೀನಿ, ಹೇಳು. ಹಾಲು ತರೋಕೂ ಕಾರಲ್ಲೇ ಹೋಗೋದು."

"ಹಾಗಾದರೆ ಮಕ್ಕಳೆಲ್ಲ ಡ್ರೈವರ್ ಆಗ್ತವೆ ಬಿಡು."

ದಾಮಿರಾ ಮನಸಾರೆ ನಕ್ಕಳು. "ನಿನ್ನ ಬಾಯಿ ಇನ್ನೂ ಹಾಗೇ ಇದೆ. ಇಂಗ್ಲಿಷ್ ಓದಿದ್ದಕ್ಕೋ ಏನೋ." ಸ್ವಲ್ಪ ದೂರ ನಡೆದು, ಇನ್ನೂ ಹತ್ತಿರ ಸರಿದಳು. "ಬುರುಲ್, ಎಷ್ಟೋ ವರ್ಷದಿಂದ ಕೇಳಬೇಕು ಅಂತ. ಅವನು ಹೊಡೀತಿದ್ದನಾ?"

"ಇಲ್ಲ."

"ಕುಡೀತಿದ್ದ."

"ಇಲ್ಲ."

"ಇನ್ನೊಬ್ಬಳಿದ್ದಳು. ಅದೇ ಇರಬೇಕು."

"ಯಾರೂ ಇರಲಿಲ್ಲ ದಾಮಿರಾ."

"ಮತ್ತೆ ಅದೆಲ್ಲ ಹೇಗೆ ಶುರುವಾಯ್ತು?"

ಬುರುಲ್ ನಿಂತಳು. ಕಾಲುವೆಯಲ್ಲಿ ಬೆಟ್ಟದ ನೀರು ಜೋರಾಗಿ ಹರಿಯುತ್ತಿತ್ತು. ಈ ಪ್ರಶ್ನೆಗೆ ಇಷ್ಟು ವರ್ಷ ಅವಳು ಅಪಾ ಕಲಿಸಿದ ಉತ್ತರವನ್ನೇ ಕೊಟ್ಟಿದ್ದಳು, ಇಲ್ಲವೇ ಭುಜ ಕುಣಿಸಿ ಸುಮ್ಮನಾಗಿದ್ದಳು.

"ಶುರುವಾಗಲಿಲ್ಲ," ಎಂದಳು. "ನಾನು ಶುರು ಮಾಡಿದೆ. ನನಗೆ ಪಾಠ ಹೇಳಬೇಕಿತ್ತು. ಹೊರಟುಬಂದೆ."

ದಾಮಿರಾ ಇನ್ನೂ ಏನಾದರೂ ಬರುತ್ತದೆಂದು ಕಾದಳು. ಬರಲಿಲ್ಲ.

"ಅಷ್ಟಕ್ಕೇನಾ?"

"ಅಷ್ಟಕ್ಕೇ."

"ಹಾಗೆ ಹೇಳಬೇಡವೇ." ದಾಮಿರಾ ತೋಳು ಬಿಡಿಸಿಕೊಂಡಳು, ಕೋಪದಿಂದಲ್ಲ, ಬಿಸಿ ಪಾತ್ರೆಯಿಂದ ಕೈ ತೆಗೆದಂತೆ. "ಯಾರಾದರೂ ಕೇಳಿಸಿಕೊಂಡರೆ ಏನಂದ್ಕೊಳ್ತಾರೆ. ಹೊಡೀತಿದ್ದ ಅಂತಲೇ ಹೇಳು. ಜನಕ್ಕೆ ಅರ್ಥ ಆಗುತ್ತೆ."

"ಹೊಡೀದೇ ಇದ್ದವನನ್ನ ಹೊಡೆದ ಅಂತ ಯಾಕೆ ಹೇಳಲಿ?"

"ನಿನ್ನ ಒಳ್ಳೇದಕ್ಕೆ ಕಣೇ. ಪಾಪ ಅಂತಾರೆ."

"ತುಂಬಾ ವರ್ಷ ಅಂದಿದ್ದಾರೆ. ಸಾಕು."

ದಾಮಿರಾ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಆಮೇಲೆ ತಲೆಕೊಡವಿ, ಗೆರೆಯ ಬಳಿ ಹೋಗಿ, ಚಪ್ಪಲಿಯ ಪಟ್ಟಿಗಳನ್ನು ಬಿಗಿದುಕೊಳ್ಳತೊಡಗಿದಳು. "ನಿಧಾನಕ್ಕೆ ಓಡೋಣ," ಎಂದಳು ಎಲ್ಲರಿಗೂ ಕೇಳುವಂತೆ. "ಈ ಹಿಮ್ಮಡಿ ಮುರಿದರೆ ಗಂಡ ನನ್ನನ್ನ ಮನೆ ಒಳಗೆ ಸೇರಿಸಲ್ಲ." ಪಕ್ಕದ ಮನೆಯ ಅತ್ತೆ, ನೀವು ಹೇಳಿದಂತೆ, ಎಂದಳು. ಸೊಸೆ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು.

ಬುರುಲ್ ಸಾಲಿನ ಕೊನೆಯಲ್ಲಿ ನಿಂತಳು. ಬೀದಿಯ ಇನ್ನೊಂದು ತುದಿಯಲ್ಲಿ, ಮನೆಯ ಮುಂದೆ, ಜನ ಎರಡು ಬದಿಗೂ ಗೋಡೆಯಂತೆ ನಿಂತಿದ್ದರು. ನಡುವೆ ಕೆಂಪು ಕಂಬಳಿ. ಅದರ ಮೇಲೆ ಚೊಲ್ಪೊನ್ ಮಗುವಿನ ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದ್ದಳು. ಸೆಜಿಮ್ ಒಂದು ಕಾಲು ಎತ್ತಲು ನೋಡಿದರೆ ಎರಡೂ ಒಟ್ಟಿಗೆ ಎದ್ದು ಬರುತ್ತಿದ್ದವು. ಹೀಗೇಕೆ ಆಗುತ್ತಿದೆಯೆಂದು ತಿಳಿಯದೆ ಮಗು ತಾಯಿಯ ಮುಖ ನೋಡುತ್ತಿತ್ತು. ಕುಬಾತ್ ಒಂದು ಪಕ್ಕದಲ್ಲಿ ಚಾಕು ಹಿಡಿದು, ಅದರ ಅಂಚನ್ನು ಬಟ್ಟೆಯಿಂದ ಸುಮ್ಮನೆ ಒರೆಸುತ್ತಿದ್ದ.

ತಮ್ಮನಿಗೆ ಆ ಕೆಲಸ ಸಿಗದೆ ಹೋಗಬಹುದು. ಸಿಗಲೂಬಹುದು, ಗಣಿಯವರಿಗೆ ಬೇಕಿರುವುದು ಲಾರಿ ಓಡಿಸುವವನು. ಅಪಾ ಈ ಚಳಿಗಾಲ ಮುಗಿಯುವವರೆಗೆ ಮಾತು ಬಿಡಬಹುದು. ಬೋರ್ಸೋಕು ಕರಿಯಲು ಯಾರೂ ಕರೆಯದೆ ಇರಬಹುದು. ನಾಳೆ ಮಗು ಎಡವಿ ಬಿದ್ದರೂ, ಜ್ವರ ಬಂದರೂ, ಮುಂದೆಂದೋ ಒಂದು ದಿನ ಯಾವ ಊರಿನಿಂದಲೋ ಚೀಲ ಹೊತ್ತು ಹೊರಟುಬಂದರೂ, ಯಾರ ಹೆಸರು ಹೇಳುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಹೇಳಲಿ. ಹಾಗೆ ಹೊರಟುಬರುವ ಕಾಲು ಆ ಮಗುವಿಗೆ ಇರುವುದು ಒಳ್ಳೆಯದೇ.

ಅಸಾನ್ ಬಾಯ್ಕೆ ದೂರದಲ್ಲಿ ಟೋಪಿ ತೆಗೆದು ತಲೆಯ ಮೇಲೆ ಎತ್ತಿ ಹಿಡಿದ. ಜನರ ಮಾತು ನಿಂತಿತು.

ಬುರುಲ್ ಲಂಗದ ತುದಿಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪಕ್ಕದ ಮನೆಯ ಸೊಸೆ ಅದನ್ನು ನೋಡಿ, "ಎಜೆ, ನೀವು ನಿಜವಾಗ್ಲೂ ಓಡ್ತೀರೇನೋ ಅನ್ನೋ ಹಾಗೆ ಕಾಣ್ತೀರ," ಎಂದು ಚೇಷ್ಟೆ ಮಾಡಿದಳು.

"ಧೂಳು ಕಣೇ," ಎಂದಳು ಬುರುಲ್, "ಲಂಗ ಹಾಳಾಗುತ್ತೆ." ಹಾಗೆ ಹೇಳಿ ಬಲಗಾಲನ್ನು ಹಿಂದಕ್ಕೆ ಊರಿ, ಬೀದಿಯ ಕೊನೆಯ ಕೆಂಪು ಕಂಬಳಿಯ ಮೇಲೆ ಕಣ್ಣಿಟ್ಟಳು.